ಅಜ್ಜಿಗೆ ಎಡೆ ಇಡುವ ಮನೆ

ರೆಕಾರ್ಡ್ ರೂಮಿನ ಬಾಗಿಲಿಗೆ ಹೋಗುವವನು ಜಗಳಕ್ಕೇ ಹೋಗುತ್ತಾನೆ ಎಂದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ನಂಬಿದ್ದಾರೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಹೊಳೆನರಸೀಪುರದಲ್ಲಿ ಹಳೆಯ ಕಾಗದಪತ್ರ ಇಡುವ ಕೋಣೆಯ ಮುಂದೆ ನಾನು ಮೊದಲ ಸಲ ಸಾಲಿನಲ್ಲಿ ನಿಂತಾಗ, ಹಿಂದೆ ಮುಂದೆ ಇದ್ದವರೆಲ್ಲ ಅಣ್ಣನ ಮೇಲೋ ತಮ್ಮನ ಮೇಲೋ ಹಲ್ಲು ಮಸೆಯುತ್ತಿದ್ದವರೇ. ನನ್ನ ಸರದಿ ಬಂದಾಗ ಕಿಟಕಿಯ ಒಳಗಿದ್ದ ಗುಮಾಸ್ತರು ತಲೆ ಎತ್ತದೆ ಕೇಳಿದರು: "ಸರ್ವೆ ನಂಬರ್ ಯೋಳಿ ಸಾ. ಕೇಸು ಯಾವ ಕೋರ್ಟಲ್ಲೈತೆ?"

ಕೇಸು ಇಲ್ಲ, ಜಮೀನೂ ಬೇಡ, ನನ್ನ ತಾಯಿಯ ತಾಯಿ ಏನಾದಳು ಎಂದು ತಿಳಿಯಬೇಕಾಗಿದೆ ಎಂದೆ. ಆಗ ಅವರು ತಲೆ ಎತ್ತಿ ನನ್ನ ಬಿಳಿಕೂದಲನ್ನೂ ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲನ್ನೂ ನೋಡಿದರು. "ಅಜ್ಜೀನ ಉಡುಕ್ಕಂಡು ಇಲ್ಗಂಟ ಯಾರೂ ಬಂದಿಲ್ಲ ಸಾ" ಎಂದು ಪಕ್ಕದ ಮೇಜಿನವರ ಕಡೆ ತಿರುಗಿದರು. ಜಮೀನು ಬೇಡ ಎನ್ನುವವನನ್ನು ನಂಬುವುದು ಯಾರಿಗಾದರೂ ಕಷ್ಟವೇ.

ಇದು ಶುರುವಾದದ್ದು ಅದರ ಹಿಂದಿನ ಪಿತೃಪಕ್ಷದಲ್ಲಿ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅವರವರು ಇಷ್ಟಪಡುತ್ತಿದ್ದ ಅಡುಗೆ, ಪಕ್ಕದಲ್ಲೊಂದು ಹೊಸ ಬಟ್ಟೆ. ಧೂಪ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ಬಂದು ಕೂರುತ್ತೇವೆ. ಆ ಹೊತ್ತಿನಲ್ಲಿ ಹಿರಿಯರು ಬಂದು ಉಂಡು ಹೋಗುತ್ತಾರೆ. ನೀನು ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ಅಪ್ಪನ ಎಲೆಯ ಪಕ್ಕ ಬೀಡಿ ಕಟ್ಟು ಇಡುವುದನ್ನು ನಾನು ಒಂದು ವರ್ಷವೂ ಮರೆತವನಲ್ಲ.

ಹಾಸನದಿಂದ ಬೂವನಹಳ್ಳಿ ಕಡೆಗೆ ಹೋಗುವ ರಸ್ತೆಯ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಎಂಬತ್ತು ದಾಟಿದ ಅವ್ವ ನಮ್ಮ ಜೊತೆಗೇ ಇದ್ದಾಳೆ. ಎಡೆಯ ಹಿಂದಿನ ದಿನ ನನ್ನ ಹೆಂಡತಿ ಕಜ್ಜಾಯ ಕರಿಯುತ್ತಿದ್ದಳು, ಅವ್ವ ಪಕ್ಕದಲ್ಲಿ ಕೂತು ಒಂದೊಂದನ್ನೇ ಒತ್ತಿ ಎಣ್ಣೆ ಬಸಿಯುತ್ತಿದ್ದಳು. ನಾನು ಬಿಸಿ ಬಿಸಿ ಒಂದು ಸಿಕ್ಕೀತೇ ಎಂದು ಒಳಗೆ ಹೋದೆ. ಅವ್ವ ಕೈ ನಿಲ್ಲಿಸದೆ ಕೇಳಿದಳು.

"ಲೇ ಮಗ, ನಮ್ಮವ್ವಂಗೆ ಯಾರಾರ ಎಡೆ ಇಕ್ತಾವ್ರಾ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವ್ವ ಮಗುವಾಗಿದ್ದಾಗಲೇ ಅವಳ ಅಪ್ಪ ತೀರಿಕೊಂಡ, ಅದೇ ಕೊರಗಿನಲ್ಲಿ ಅವಳ ಅವ್ವನೂ ತೀರಿಕೊಂಡಳು, ದೊಡ್ಡಪ್ಪ ಸಾಕಿದ. ಹುಟ್ಟಿದಾಗಿನಿಂದ ನಾನು ಕೇಳಿದ್ದ ಕತೆ ಇಷ್ಟೇ. ನೀನು ಹುಟ್ಟಿದ ಮನೆಯಲ್ಲೇ ಇಡುತ್ತಾರಲ್ಲ, ಎಂದೆ.

"ನಮ್ಮಪ್ಪಂಗೆ ಇಕ್ಕೋರು. ಅವ್ಳಿಗೆ ಇಕ್ತಿರ್ಲಿಲ್ಲ. ಸತ್ತಿದ್ರೆ ತಾನೇ ಇಕ್ಕದು? ಅವ್ಳು ಸತ್ತಿರ್ಲಿಲ್ಲ ಕಣ್ಲಾ. ಸೀರುಡಿಕೆ ಆಗಿ ಓಗಿದ್ಲು."

ನನ್ನ ಹೆಂಡತಿಯ ಬಾಣಲೆಯಲ್ಲಿ ಕಜ್ಜಾಯ ಸೀದುಹೋಯಿತು. ಸೀರುಡಿಕೆ ಎಂದರೆ ವಿಧವೆಯನ್ನು ಇನ್ನೊಬ್ಬನಿಗೆ ಕೊಡುವುದು. ಓಲಗವಿಲ್ಲ, ಚಪ್ಪರವಿಲ್ಲ, ಮುತ್ತೈದೆಯರು ಬರುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಒಂದು ಸೀರೆ ಉಡಿಸಿ ಕಳಿಸಿಬಿಟ್ಟರೆ ಆಯಿತು. ಅದಕ್ಕೊಂದು ಕಟ್ಟಳೆಯಿತ್ತು: ಮೊದಲ ಗಂಡನ ಮಕ್ಕಳು ಮೊದಲ ಗಂಡನ ಮನೆಯವರ ಸೊತ್ತು. ಹೆಣ್ಣು ಹೋಗಬಹುದು, ಮಗುವನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ನನ್ನ ಅಜ್ಜಿ ಹಾಗೆ ಹೋದಳು, ಅವ್ವ ಉಳಿದಳು. ಮನೆಯಲ್ಲಿ ಅವಳ ಮಾತೆತ್ತಿದರೆ ಗದರುತ್ತಿದ್ದರಂತೆ. ಅವ್ವನ ಮದುವೆಯಲ್ಲಿ ಅರಿಶಿನ ಹಚ್ಚುವಾಗ ಊರಿನ ಮುದುಕಿಯೊಬ್ಬಳು ಕಿವಿಯಲ್ಲಿ ಹೇಳಿದ್ದಳಂತೆ, ನಿಮ್ಮವ್ವ ಇದ್ದಾಳೆ, ಕರೆಯೋ ಹಾಗಿಲ್ಲ, ಅಷ್ಟೇ ಎಂದು. ದೊಡ್ಡಪ್ಪ ಇರುವತನಕ ಅವ್ವ ಬಾಯಿ ಬಿಡಲಿಲ್ಲ. ನನ್ನಪ್ಪ ಇರುವತನಕವೂ ಬಿಡಲಿಲ್ಲ. ಸೀರುಡಿಕೆಯವಳ ಮಗಳು ಎನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ನನಗೆ ಸಿಟ್ಟು ಬಂತು. ಅರವತ್ತು ದಾಟಿದ ಮಗನಿಗೆ ಈಗ ಹೇಳುವ ಮಾತೇ ಇದು ಎಂದೆ. ಅವ್ವ ಇನ್ನೊಂದು ಕಜ್ಜಾಯ ಒತ್ತಿದಳು. "ಈಗ ನಂಗೆ ಅನ್ನೋರು ಯಾರೂ ಉಳಿದಿಲ್ಲ, ಅದ್ಕೇ ಕೇಳ್ತಾ ಇವ್ನಿ. ಬದುಕಿದ್ದಾಗ ಅವ್ಳು ಯಂಗಿದ್ಲೋ ಏನೋ, ಬುಡು. ಸತ್ ಮ್ಯಾಲಾದ್ರೂ ವರ್ಸಕ್ಕೊಂದಿನ ಯಾರಾರ ಕರ್ದು ಉಣ್ಣಾಕಿಕ್ತಾವ್ರಾ, ಅಷ್ಟು ಗೊತ್ತಾದ್ರೆ ಸಾಕು."

ಅದಕ್ಕೇನು, ನಾಳೆ ನಾನೇ ಒಂದು ಎಲೆ ಜಾಸ್ತಿ ಹಾಕುತ್ತೇನೆ ಎಂದೆ. ಅವ್ವ ಒಪ್ಪಲಿಲ್ಲ. ಅಲ್ಲಿ ಅವಳಿಗೆ ಮಕ್ಕಳಾಗಿದ್ದು ಅವರು ಇಡುತ್ತಿದ್ದರೆ, ನಾವೂ ಕರೆದರೆ ಎರಡು ಕಡೆ ಎಳೆದಾಡಿದ ಹಾಗಾಗುತ್ತದೆ, ಮೊದಲು ತಿಳಿದುಕೊಂಡು ಬಾ ಎಂದಳು. ಅವಳ ಲೆಕ್ಕದಲ್ಲಿ ಇದು ಸರಿಯಾದ ಮಾತು. ನನ್ನ ಲೆಕ್ಕದಲ್ಲೂ ಸುಲಭದ ಕೆಲಸ. ಹಾಸನದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ದಾಖಲೆಯೇ ಇತಿಹಾಸದ ಆಧಾರ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಒಂದು ಹೆಂಗಸು ಹುಟ್ಟಿದ್ದಾಳೆ, ಎರಡು ಮನೆ ಸೇರಿದ್ದಾಳೆ, ಸತ್ತಿದ್ದಾಳೆ. ಎಲ್ಲೋ ಒಂದು ಕಡೆ ಬರೆದಿರಲೇಬೇಕಲ್ಲ.

ಹೆಂಗಸರನ್ನು ಬರೆದಿರುವುದಿಲ್ಲ ಎಂಬುದು ನನಗೆ ಹೊಳೆನರಸೀಪುರದಲ್ಲಿ ಗೊತ್ತಾಗುತ್ತ ಹೋಯಿತು. ಅವ್ವ ಹುಟ್ಟಿದ ಊರಿನ ಹಳೆಯ ಪುಸ್ತಕಗಳಲ್ಲಿ ಹೊಲಗಳಿದ್ದವು, ಹೊಲದ ಮೇಲಿನ ಮರಗಳಿದ್ದವು, ಮರಕ್ಕೆ ಒಡೆಯರಿದ್ದರು. ಬಾವಿಯಲ್ಲಿ ಯಾರಿಗೆ ಎಷ್ಟು ಪಾಲು ಎಂಬುದೂ ಇತ್ತು. ಬಾವಿಯಲ್ಲಿ ನೀರು ಸೇದಿದವರು ಇರಲಿಲ್ಲ. ಜಮೀನು ಕೈ ಬದಲಾಯಿಸುವಾಗ ಮಾತ್ರ ಹೆಂಗಸಿನ ಹೆಸರು ತಲೆ ಹಾಕುತ್ತದೆ, ಅದೂ ಅವಳಿಗೆ ಏನೂ ಸೇರುವುದಿಲ್ಲ ಎಂದು ತೋರಿಸಲು. ಹಾಗಾಗಿ ನಾನು ಕೊನೆಗೆ ಹುಡುಕಿಸಿದ್ದು ಪೌತಿ ಖಾತೆಯ ಕಾಗದವನ್ನು. ಯಜಮಾನ ಸತ್ತ ಮೇಲೆ ಅವನ ಜಮೀನು ಯಾರ ಹೆಸರಿಗೆ ಹೋಯಿತು ಎಂದು ಬರೆದಿಡುವುದು ಅದರಲ್ಲಿ.

ಸಿಕ್ಕಿತು. ಅರ್ಜಿ ಕೊಟ್ಟು, ಓಡಾಡಿ, ಮಳೆಗಾಲ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಸಿಕ್ಕಿತು. ಶಾನುಭೋಗರು ಎಳೆದು ಸೇರಿಸಿ ಬರೆದ ಅಕ್ಷರ, ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅಜ್ಜ ತೀರಿಕೊಂಡಿದ್ದಾನೆ, ಗಂಡು ಸಂತಾನವಿಲ್ಲ, ಹೆಂಡತಿ ಇಂಥವಳೂ ಮೃತಳಾಗಿದ್ದಾಳೆ, ಆದ್ದರಿಂದ ಜಮೀನನ್ನು ಅಣ್ಣನ ಹೆಸರಿಗೆ ಮಾಡಬಹುದು ಎಂದಿತ್ತು. ಅಜ್ಜಿಯ ಹೆಸರನ್ನು ನಾನು ಅಕ್ಷರದಲ್ಲಿ ನೋಡಿದ್ದು ಅದೇ ಮೊದಲು. ಅದರ ಮುಂದೆಯೇ ಮೃತಳು ಎಂಬ ಮಾತೂ ಇತ್ತು. ಕೆಳಗೆ ಅವ್ವನ ದೊಡ್ಡಪ್ಪನ ಹೆಬ್ಬೆಟ್ಟಿನ ಗುರುತು.

"ಸಿಕ್ತಲ್ಲ ಸಾ" ಎಂದರು ಗುಮಾಸ್ತರು, ನನಗಿಂತ ಅವರಿಗೇ ಖುಷಿ. "ಅಜ್ಜಿ ಅವತ್ತೇ ತೀರೋಗವ್ರೆ. ಇನ್ನೇನ್ ಬೇಕು?"

ಹಾಸನದ ಬಸ್ಸು ಹತ್ತಿ ಬರುವಷ್ಟು ಹೊತ್ತೂ ನಾನು ಆ ಕಾಗದವನ್ನು ನಂಬಿದ್ದೆ. ಮುದುಕಿಯೊಬ್ಬಳು ಮದುವೆಯಲ್ಲಿ ಪಿಸುಗುಟ್ಟಿದ್ದು ಒಂದು ಕಡೆ, ಸರ್ಕಾರದ ಮೊಹರು ಒಂದು ಕಡೆ. ಯಾವುದು ಆಧಾರ, ಯಾವುದು ಗಾಳಿಮಾತು ಎಂದು ನಾನು ಮಕ್ಕಳಿಗೆ ಕಲಿಸಿದವನಲ್ಲವೇ. ಮನೆಗೆ ಬಂದು ಅವ್ವನಿಗೆ ಹೇಳಿದೆ, ನೋಡವ್ವ, ನಿಮ್ಮಪ್ಪ ಸತ್ತ ವರ್ಷವೇ ನಿಮ್ಮವ್ವನೂ ಹೋಗಿದ್ದಾಳೆ, ಸೀರುಡಿಕೆ ಗೀರುಡಿಕೆ ಎಲ್ಲ ಸುಳ್ಳು.

ಅವ್ವ ಕೇಳಿದಳು. "ಅಂಗಾದ್ರೆ ನನ್ ತಲೆ ಬಾಚಿದ್ದು ಯಾರ್ಲಾ?"

ಆ ಸಂಗತಿಯನ್ನೂ ಅವಳು ನನಗೆ ಹೇಳಿರಲಿಲ್ಲ. ಕರು ಮೇಯಿಸಲು ಹೋಗುವಷ್ಟು ದೊಡ್ಡವಳಾಗಿದ್ದಾಗ ಒಂದು ದಿನ ಊರಾಚೆಯ ಕಟ್ಟೆಯ ಹತ್ತಿರ ಗುರುತಿಲ್ಲದ ಹೆಂಗಸೊಬ್ಬಳು ಇವಳನ್ನು ಕೂರಿಸಿಕೊಂಡು, ಸಿಕ್ಕು ಬಿಡಿಸಿ, ಹೇನು ನೋಡಿ, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ ಎದ್ದು ಹೋದಳಂತೆ. ಒಂದು ಮಾತೂ ಆಡಲಿಲ್ಲವಂತೆ. ಸಂಜೆ ಜಡೆ ನೋಡಿ ದೊಡ್ಡಮ್ಮ ಯಾರು ಹಾಕಿದ್ದು ಎಂದು ಕೇಳಿದಳು, ಇವಳು ಗೊತ್ತಿಲ್ಲ ಎಂದಳು. ದೊಡ್ಡಮ್ಮ ಜಡೆ ಬಿಚ್ಚಿ ತಲೆಗೆ ನೀರು ಹಾಕಿದಳು. "ಸತ್ತೋಳು ಬಂದು ತಲೆ ಬಾಚ್ತಾಳಾ? ನಿನ್ ಕಾಗ್ದ ತಕ್ಕೊಂಡೋಗಿ ಒಲೆಗಾಕು" ಎಂದಳು ಅವ್ವ.

ನನಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು. ಬದುಕಿದ್ದ ಹೆಂಗಸನ್ನು ಸತ್ತಳೆಂದು ಬರೆಸಿದ್ದಾರೆ. ಅವಳ ಹೆಸರಿಗೆ ಒಂದು ತುಂಡು ಹೊಲವೂ ಬರಬಾರದು, ನಾಳೆ ತಿರುಗಿ ಬಂದು ಕೇಳಲೂಬಾರದು. ಬರೆಸಿದವನು ಬೇರೆ ಯಾರೂ ಅಲ್ಲ, ಅವ್ವ ದೇವರೆಂದು ಕೈ ಮುಗಿಯುವ ದೊಡ್ಡಪ್ಪ. ನಾನು ಅದನ್ನು ಹೇಳಬಾರದಿತ್ತು. ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ. ಹೆಬ್ಬೆಟ್ಟಿನ ಗುರುತು ತೋರಿಸಿ ಹೇಳಿಬಿಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದಳು.

"ಇದು ದೊಡ್ಡಪ್ಪಂದೇ. ಈ ಬೆಟ್ಟಲ್ಲೇ ನಂಗೆ ಬೆಲ್ಲ ಒಡ್ದು ಕೊಡ್ತಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆ ವಾರವೇ ಹೊಳೆನರಸೀಪುರದ ಕಡೆಯಿಂದ ಫೋನು ಬಂತು. ದೊಡ್ಡಪ್ಪನ ಮೊಮ್ಮಗ, ನನಗೆ ಭಾಮೈದುನನ ವರಸೆ. ಸುದ್ದಿ ಯಾರ ಬಾಯಿಂದ ಹೋಯಿತೋ, ಗೋಡೆಗೂ ಕಿವಿ ಇರುವ ಕಾಲ. "ಏನ್ ಭಾವ, ಅತ್ತೆ ಭಾಗಕ್ಕೆ ಪೇಪರ್ ತಗುಸ್ತಾ ಇದ್ದೀರಂತೆ? ನಮ್ಗೊಂದು ಮಾತು ಯೋಳ್ಬಾರ್ದಾ?" ಹೆಣ್ಣುಮಕ್ಕಳಿಗೂ ಪಾಲು ಎಂದು ಕಾನೂನು ಬಂದ ಮೇಲೆ ಅಕ್ಕ ತಂಗಿಯರ ಮಕ್ಕಳು ಹಳೆಯ ಕಾಗದ ತೆಗೆಸಿದರೆ ಅದಕ್ಕೆ ಒಂದೇ ಅರ್ಥ. ನನಗೆ ನಿಮ್ಮ ಒಂದು ಗುಂಟೆಯೂ ಬೇಡ, ಅಜ್ಜಿಯನ್ನು ಹುಡುಕುತ್ತಿದ್ದೇನೆ ಎಂದೆ. "ಯಾವ ಅಜ್ಜಿ ಭಾವ? ಸತ್ತು ಯಾವ ಕಾಲ ಆಯ್ತು" ಎಂದ. ಸತ್ತಳು ಎಂದು ನಿಮ್ಮ ತಾತ ಬರೆಸಿದ್ದು, ಅವಳು ಸತ್ತಿರಲಿಲ್ಲ, ಬೇಕಾದರೆ ಕಾಗದ ತೋರಿಸುತ್ತೇನೆ ಎಂದು ನಾನು ಕೂಗಿದೆ. ಕೂಗಿದ ಮೇಲೆ ಗೊತ್ತಾಯಿತು, ಕೋರ್ಟಿಗೆ ಹೋಗುವವನು ಆಡುವ ಮಾತೂ ಇದೇ ಎಂದು. ಅವನು ಫೋನು ಇಟ್ಟ.

ಪ್ರತಿ ವರ್ಷ ಸೊಗಡವರೆಯ ಕಾಲಕ್ಕೆ ಆ ಮನೆಯಿಂದ ಅವ್ವನಿಗೆ ಒಂದು ಚೀಲ ಅವರೆಕಾಯಿ ಬರುತ್ತಿತ್ತು. ಬಸ್ಸಿನವರ ಕೈಯಲ್ಲಿ ಕಳಿಸಿ ಫೋನು ಮಾಡುತ್ತಿದ್ದರು, ಅತ್ತೆ, ಇಳಿಸಿಕೊಳ್ಳಿ ಎಂದು. ಆ ವರ್ಷ ಬರಲಿಲ್ಲ. ಮಾರ್ಕೆಟ್ಟಿನಿಂದ ನಾನು ತಂದ ಕಾಯಿ ಸುಲಿಯುತ್ತ ಅವ್ವ ಸೊಗಡಿಲ್ಲ ಎಂದಳು. ಎಂಬತ್ತು ವರ್ಷ ಉಳಿಸಿಕೊಂಡು ಬಂದಿದ್ದ ತವರನ್ನು ನಾನು ಒಂದು ಫೋನಿನಲ್ಲಿ ಕಳೆದುಹಾಕಿದ್ದೆ.

ಇನ್ನು ಬಿಟ್ಟುಬಿಡೋಣ ಎಂದು ನನ್ನ ಹೆಂಡತಿ ಹೇಳಿದಳು. ಬುದ್ಧಿವಂತ ಮಾತು. ಆದರೆ ಕಳೆದುಕೊಂಡ ಮೇಲೆ ನಿಲ್ಲಿಸಿದರೆ ಬರೀ ಕಳೆದುಕೊಂಡಂತಾಗುತ್ತದೆ ಎಂಬ ಹಟ ನನಗೆ. ಅಜ್ಜಿ ಹುಟ್ಟಿದ್ದು ಚನ್ನರಾಯಪಟ್ಟಣದ ಆಚೆ, ಬಾಗೂರಿನ ಕಡೆಯ ಒಂದು ಹಳ್ಳಿಯಲ್ಲಿ ಎಂಬಷ್ಟು ಅವ್ವನಿಗೆ ಗೊತ್ತಿತ್ತು. ಬಾಗೂರಿನಲ್ಲಿ ಬಸ್ಸಿಳಿದು ಆಟೋ ಮಾಡಿಕೊಂಡು ಹೋದೆ. ಬಿಸಿಲು ಕಾದಿತ್ತು, ತೆಂಗಿನ ತೋಟಗಳಲ್ಲಿ ನೆರಳೂ ಒಣಗಿದ ಹಾಗಿತ್ತು.

ಮನೆಯವರು ಒಳ್ಳೆಯವರು. ಮಜ್ಜಿಗೆ ಕೊಟ್ಟರು. ಅಲ್ಲೂ ಮೊದಲು ಜಮೀನಿನ ಮಾತೇ ಬಂತು, ನಾನು ಮನೆದೇವರ ಮೇಲೆ ಆಣೆ ಮಾಡಿದೆ. ಯಜಮಾನ, ಆಸ್ತಿ ಪಾಲಾಗುವಾಗ ಮಾಡಿಸಿದ್ದ ವಂಶವೃಕ್ಷದ ಕಾಗದ ತಂದು ಮುಂದೆ ಹರಡಿದ. ಅಚ್ಚುಕಟ್ಟಾದ ಕಾಗದ, ಅಪ್ಪ, ಮಕ್ಕಳು, ಮೊಮ್ಮಕ್ಕಳು, ಸತ್ತವರ ಮುಂದೆ ಸತ್ತವರೆಂದು ಗುರುತು. ನನ್ನ ಅಜ್ಜಿ ಇದ್ದಿರಬೇಕಾದ ಜಾಗದಲ್ಲಿ ಅವಳ ತಮ್ಮ ಒಬ್ಬನೇ ಇದ್ದ, ಒಂಟಿ ಮಗನಾಗಿ ಹುಟ್ಟಿದವನ ಹಾಗೆ.

ಆ ತಮ್ಮನ ಹೆಂಡತಿ, ತೊಂಬತ್ತು ದಾಟಿದ ಮುದುಕಿ, ಒಳಗಿನಿಂದ ಬಂದು ಬಾಗಿಲ ಹತ್ತಿರ ಕೂತಳು. ಅವಳಿಗೆ ಗೊತ್ತಿತ್ತು. ಎರಡನೇ ಸಲ ಕೊಟ್ಟದ್ದು ಅರಕಲಗೂಡಿನ ಕಡೆ, ಹೇಮಾವತಿ ದಡದ ಊರಿಗೆ, ಹೆಂಡತಿ ಸತ್ತು ಚಿಕ್ಕ ಮಕ್ಕಳಿದ್ದವನಿಗೆ. ಊರಿನ ಹೆಸರನ್ನೂ ಹೇಳಿದಳು. "ಒಂದೇ ಒಂದು ಕಿತ ಬಂದಿದ್ರು, ನಮ್ಮತ್ತೆ ತೀರೋದಾಗ. ದಾರೀಲಿ ಬತ್ತಾ ಮಗ್ಳ ಊರ ಮ್ಯಾಲಾಸಿ ಬಂದೆ ಅಂದ್ರು. ನೋಡ್ದೇನಕ್ಕಾ ಅಂದೆ. ಜಡೆ ಆಕ್ದೆ ಅಂದ್ರು. ಆಮ್ಯಾಲೆ ಊಟ ಮಾಡ್ನಿಲ್ಲ."

ನೀವು ಆಕೆಗೆ ಎಡೆ ಇಡುತ್ತೀರಾ ಎಂದು ಕೇಳಿದೆ. ಮುದುಕಿಗೆ ಆಶ್ಚರ್ಯವಾಯಿತು. "ನಾವ್ಯಾಕೆ ಇಕ್ಕನಪ್ಪ? ಕೊಟ್ಟ ಎಣ್ಣು ಕುಲಕ್ಕೆ ವೊರ್ಗೆ." ಸರಿಯೇ. ತವರಿನವರು ಇಡುವ ಪದ್ಧತಿ ಇಲ್ಲ, ನನಗೂ ಗೊತ್ತು. ಆದರೂ ಕೇಳಿದ್ದೆ.

ಅರಕಲಗೂಡಿನಲ್ಲಿ ಆ ಊರನ್ನು ಕೇಳಿದಾಗ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ಹೆಸರು ಒತ್ತಿ ನೋಡಿದಳು. ಜನವಸತಿ ಇಲ್ಲದ ಊರು ಎಂದು ಬಂತು. "ಅಲ್ಲಿ ಯಾರೂ ಇಲ್ಲ ಸರ್, ಡ್ಯಾಮ್ ನೀರಲ್ಲಿ ಹೋಗಿದೆ" ಎಂದಳು. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಅಲ್ಲಿನ ಜನನ ಮರಣದ ಪುಸ್ತಕಗಳು? ಊರು ಎತ್ತುವಾಗ ಪುಸ್ತಕಗಳೂ ಎಲ್ಲಿಗೋ ಹೋಗಿರುತ್ತವೆ, ಹಾಸನದಲ್ಲಿ ಕೇಳಿ ಎಂದರು. ಹಾಸನದಲ್ಲಿ ಕೇಳಿದೆ. ಇರಬಹುದಾದ ಕಡೆಯೆಲ್ಲ ಹುಡುಕಿ, ಇಲ್ಲ ಎಂದರು. ಯಾರನ್ನೂ ದೂರುವ ಹಾಗಿರಲಿಲ್ಲ. ಮನೆ, ದನ, ದೇವರು ಎಲ್ಲವನ್ನೂ ಗಾಡಿಗೆ ಹೇರುತ್ತಿದ್ದ ಜನ ಸತ್ತವರ ಪಟ್ಟಿಯನ್ನು ಯಾಕೆ ಕಾಯುತ್ತಾರೆ?

ಇಷ್ಟು ಹೊತ್ತಿಗೆ ನನಗೆ ಒಂದು ಗೊತ್ತಾಗಿತ್ತು. ಅಜ್ಜಿ ಸತ್ತ ದಿನ ಎಂದೂ ಸಿಗುವುದಿಲ್ಲ. ಅವಳು ಸತ್ತಳೆಂದು ಹೇಳುವ ಒಂದೇ ಒಂದು ಕಾಗದ ಲೋಕದಲ್ಲಿದೆ, ಅದು ಸುಳ್ಳು.

ಮುಳುಗಡೆಯವರನ್ನು ಒಂದೇ ಕಡೆ ಕೂರಿಸಿರಲಿಲ್ಲ. ಕೇಳುತ್ತ ಕೇಳುತ್ತ ಹೋದರೆ ಅರಕಲಗೂಡು ತಾಲ್ಲೂಕಿನಲ್ಲೇ, ಹೊಸದಾಗಿ ಕೊಟ್ಟ ಜಮೀನಿನ ಪಕ್ಕ ನೇರ ಬೀದಿಗಳ ಒಂದು ಊರಿನಲ್ಲಿ, ಅಜ್ಜಿಯ ಎರಡನೇ ಗಂಡನ ಮೊಮ್ಮಗ ಸಿಕ್ಕಿದ. ನನ್ನದೇ ವಯಸ್ಸು. ಹೊಗೆಸೊಪ್ಪು ಕಾಯಿಸಿ ಒಣಗಿಸುವ ಬ್ಯಾರನ್ ಮುಂದೆ ಕಡ್ಡಿಗೆ ಎಲೆ ಪೋಣಿಸುತ್ತಿದ್ದವನು ಎದ್ದು ಬಂದ. ಪಿತೃಪಕ್ಷ ಹತ್ತಿರ ಬಂದಿತ್ತು, ನನಗೆ ಅವಸರವಿತ್ತು. ಬಂದ ಕಾರಣವನ್ನು ನಿಂತಲ್ಲೇ ಹೇಳಿದೆ.

"ಆಯಮ್ಮನಾ!" ಎಂದು ಅವನ ಮುಖ ಅರಳಿತು. "ಬನ್ನಿ ಸಾ, ಕೂತ್ಕಳಿ. ನಮ್ಮಪ್ಪನ್ನ ಸಾಕಿದ್ದೇ ಆಯಮ್ಮ. ನಮ್ಮಪ್ಪ ಎಳೇಮಗ ಆಗಿದ್ರಂತೆ ಅವ್ರು ಬಂದಾಗ. ನನ್ನೂ ಎತ್ತಾಡ್ಸವ್ರೆ."

ನಾನು ಕೂತೆ. ಅಜ್ಜಿಗೆ ಅಲ್ಲಿ ಸ್ವಂತ ಮಕ್ಕಳಾಗಲಿಲ್ಲ. ತನ್ನ ಮಗುವನ್ನು ಬಿಟ್ಟು ಬಂದವಳು ಸತ್ತವಳೊಬ್ಬಳ ಮಕ್ಕಳನ್ನು ಸಾಕಿದಳು. ಸುಗ್ಗಿಯಲ್ಲಿ ಗಂಡಸರ ಸಮ ಕೆಲಸ ಮಾಡುತ್ತಿದ್ದಳಂತೆ, ಮಾತು ಕಡಿಮೆಯಂತೆ. ಊರು ಮುಳುಗುವುದಕ್ಕೆ ಮುಂಚೆಯೇ, ಇನ್ನೂ ನೀರು ಬರುತ್ತದೋ ಇಲ್ಲವೋ ಎಂದು ಜನ ಜಗಳವಾಡುತ್ತಿದ್ದ ಕಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆ ಬದು ಈಗ ನೀರಿನ ಅಡಿ. ಅವ್ವನಿಗೆ ಆಗ ನಾವೆಲ್ಲ ಹುಟ್ಟಿ ಆಗಿತ್ತು. ನಾನು ಶಾಲೆಗೆ ಹೋಗುತ್ತಿದ್ದೆ. ಒಂದು ಬಸ್ಸು ಹತ್ತಿದ್ದರೆ ನೋಡಬಹುದಿತ್ತು. ಅದನ್ನು ಯೋಚಿಸಬಾರದು ಎಂದುಕೊಂಡೆ, ಯೋಚಿಸಿದೆ.

"ಎಡೆ ಇಕ್ಕೋ ದಿನ ಅಡ್ಗೆ ಎಲ್ಲಾ ಅವ್ರದ್ದೇ ಸಾ. ಕಜ್ಜಾಯದ ಪಾಕ ಅವ್ರಂಗೆ ಇಡಾಕೆ ಯಾರಿಗೂ ಬರ್ನಿಲ್ಲ. ಮಾಡಿಟ್ಟು ಈಚ್ಗೆ ಬಂದ್ಬುಡೋರು. ಸೀರುಡಿಕೆ ಅಂತ ಎಡೆ ತಾವ್ಕೆ ಬತ್ತಿರ್ಲಿಲ್ಲ."

ನನಗೆ ಬೇಕಾಗಿದ್ದ ಮಾತಿಗೆ ಅವನೇ ಬಂದಿದ್ದ. ಈಗ ನೀವು ಯಾರ್ಯಾರಿಗೆ ಎಡೆ ಇಡುತ್ತೀರಿ ಎಂದು ಕೇಳಿದೆ.

"ತಾತಂಗೆ, ಅವ್ರ ಮೊದ್ಲೆಂಡ್ತಿ ದೊಡ್ಡಜ್ಜಿಗೆ, ನಮ್ಮಪ್ಪಂಗೆ, ಅವ್ವಂಗೆ."

"ಅವರಿಗೆ?"

"ಆಯಮ್ಮಂಗಾ?" ಎಂದು ಅವನು ನನ್ನ ಮುಖ ನೋಡಿದ. "ಅವ್ರದ್ದು ನಿಮ್ ಕಡೆಯೋರು ಇಕ್ತೀರಲ್ಲ ಸಾ, ಮೊದ್ಲು ತಾಳಿ ಕಟ್ಟಿದ್ ಮನೆಯೋರು? ಸತ್ ಮ್ಯಾಲೆ ಎಣ್ಣು ಮೊದ್ಲು ಗಂಡನ್ ತಾವ್ಕೇ ಓಯ್ತಾಳೆ, ನಾವು ಇಕ್ಕಿದ್ರೆ ತಡ್ದಂಗಾಯ್ತದೆ ಅಂತ ತಾತ ಯೋಳ್ತಿದ್ರು. ಅಲ್ಲಿ ಮಗ್ಳವ್ಳೆ, ಮನೆತನ ಐತೆ, ಇಕ್ಕೇ ಇಕ್ತಾರೆ ಅಂತ."

ಹೊಳೆನರಸೀಪುರದ ಮನೆಯವರು ಅವಳನ್ನು ಬೇರೆ ಮನೆ ಸೇರಿದವಳು, ಇಡುವುದಿದ್ದರೆ ಆ ಮನೆಯವರು ಇಡಲಿ ಎಂದು ಬಿಟ್ಟಿದ್ದರು. ಈ ಮನೆಯವರು ಅವಳ ದಾರಿಗೆ ಅಡ್ಡ ಬರಬಾರದು ಎಂದು ಮರ್ಯಾದೆಯಿಂದ ಬಿಟ್ಟಿದ್ದರು. ಎಡೆಯ ಮಟ್ಟಿಗೆ ಯಾರೂ ಕೆಟ್ಟದ್ದು ಮಾಡಿರಲಿಲ್ಲ. ಇಬ್ಬರೂ ತಮ್ಮ ತಮ್ಮ ಕಟ್ಟಳೆ ಪಾಲಿಸಿದ್ದರು.

ಅವನಿಗೆ ನನ್ನ ಮುಖದಿಂದಲೇ ಗೊತ್ತಾಯಿತು. "ಇಕ್ತಿರ್ಲಿಲ್ವಾ ಸಾ?" ಎಂದು ಕೇಳಿದ. ಕೈಯಲ್ಲಿದ್ದ ಹೊಗೆಸೊಪ್ಪಿನ ಎಲೆಯನ್ನು ಕೆಳಗಿಟ್ಟ. ಊಟ ಮಾಡಿಕೊಂಡು ಹೋಗಿ ಎಂದು ಬಹಳ ಬಲವಂತ ಮಾಡಿದ. ನನ್ನಿಂದ ಆಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಸುಳ್ಳು ಹೇಳುವುದು ಎಂದು ತೀರ್ಮಾನಿಸಿದ್ದೆ. ಇಡುತ್ತಾರೆ, ಚೆನ್ನಾಗಿ ಇಡುತ್ತಾರೆ, ಮೊಮ್ಮಕ್ಕಳು ನೆನೆಸಿಕೊಳ್ಳುತ್ತಾರೆ. ಕೊನೆಯ ಮಾತು ನಿಜವೇ. ಮನೆಗೆ ಬಂದಾಗ ಅವ್ವ ಟಿವಿ ಮುಂದೆ ಕೂತಿದ್ದಳು. ಕೈಕಾಲು ತೊಳೆಯಲೂ ಬಿಡಲಿಲ್ಲ.

"ಇಕ್ತಾರಾ?"

ನಾನು ಬಾಯಿ ತೆರೆದೆ. ಮಗುವನ್ನು ಬಿಟ್ಟು ಹೋದವಳ ಬಗ್ಗೆ ಎಂಬತ್ತು ವರ್ಷ ಸುಳ್ಳನ್ನೇ ಕೇಳಿಸಿಕೊಂಡವಳ ಮುಂದೆ ಇನ್ನೊಂದು ಸುಳ್ಳು ಹೊರಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಒಳ್ಳೆಯ ಮನೆ ಸೇರಿದ್ದು, ಬೇರೆಯವರ ಮಕ್ಕಳನ್ನು ಸಾಕಿದ್ದು, ಜಡೆ ಹಾಕಿದ ದಿನ ತವರಿನಲ್ಲಿ ಊಟ ಬಿಟ್ಟದ್ದು, ಮೊದಲ ಗಂಡನ ಮನೆಯವರು ಇಡುತ್ತಾರೆಂದು ಆ ಮನೆಯವರು ತಿಳಿದದ್ದು, ಎಲ್ಲ. ಅವ್ವ ಟಿವಿಯ ಕಡೆಗೇ ನೋಡುತ್ತಿದ್ದಳು. ಯಾವುದೋ ಧಾರಾವಾಹಿಯಲ್ಲಿ ಯಾರೋ ಅಳುತ್ತಿದ್ದರು.

"ಅಂಗಾದ್ರೆ ಇಲ್ಗಂಟ ಅಸ್ಕೊಂಡೇ ಅವ್ಳೆ" ಎಂದಳು.

ಈ ವರ್ಷ ನಾನು ಇಡುತ್ತೇನೆ ಅವ್ವ, ಇನ್ನು ಯಾರನ್ನೂ ಕೇಳುವುದು ಬೇಡ ಎಂದೆ.

"ಇಕ್ಕು. ಆದ್ರೆ ಯಲ್ಲಿಗೆ ಅಂತ ಬತ್ತಾಳೆ? ಸತ್ತೋರು ಗೊತ್ತಿರೋ ಮನೆಗೆ ಬತ್ತಾರೆ ಕಣ್ಲಾ. ಅವ್ಳಿಗೆ ಗೊತ್ತಿದ್ದ ಮನೆ ಎರಡು. ಒಂದ್ರಲ್ಲಿ ಬದುಕಿದ್ದಾಗ್ಲೇ ಸತ್ಲು ಅಂತ ಬರ್ಸವ್ರೆ. ಇನ್ನೊಂದು ನೀರೊಳ್ಗೈತೆ. ನಮ್ ಮನೆ ಅವ್ಳು ಯಾವತ್ತು ನೋಡವ್ಳೆ?"

ಅಮಾವಾಸ್ಯೆಯ ದಿನ ಒಂದು ಎಲೆ ಜಾಸ್ತಿ ಹಾಕಿದೆ. ಅವಳಿಗೆ ಏನು ಇಷ್ಟವಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಬಡಿಸಿದೆವು. ನನ್ನ ಹೆಂಡತಿ ಹಸಿರು ಸೀರೆಯೊಂದನ್ನು ತಂದಿದ್ದಳು. ಧೂಪ ಹಾಕಿ, ಕಾಗದದಲ್ಲಿ ಕಂಡಿದ್ದ ಆ ಹೆಸರನ್ನು ಗಟ್ಟಿಯಾಗಿ ಕರೆದೆ. ಬಾಗಿಲು ಮುಂದಕ್ಕೆ ಮಾಡಿ ಜಗಲಿಯಲ್ಲಿ ಕೂತೆವು. ಅವ್ವ ರಸ್ತೆಯ ಕಡೆ ನೋಡುತ್ತಿದ್ದಳು, ದಾರಿ ತಪ್ಪಿದವರು ಯಾರಾದರೂ ಬಂದಾರೇನೋ ಎಂಬ ಹಾಗೆ.

ಬಾಗಿಲು ತೆಗೆದು ಎಲೆಗಳನ್ನು ನೋಡುವುದು ನಮ್ಮ ಮನೆಯಲ್ಲಿ ಅವ್ವನ ಕೆಲಸ. ಹಿರಿಯರು ಮುಟ್ಟಿದ ಗುರುತು ಅವಳಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅಪ್ಪನ ಎಲೆ ನೋಡಿದಳು, ಅಪ್ಪನ ಅಪ್ಪ ಅವ್ವಂದಿರ ಎಲೆ ನೋಡಿದಳು. ಕೊನೆಯ ಎಲೆಯ ಮುಂದೆ ಬಗ್ಗಿ, ಮಂಡಿಯೂರಿ, ಅನ್ನದ ಮೇಲೆ ಮುಖ ತಂದು ಬಹಳ ಹೊತ್ತು ನೋಡಿದಳು. ನಾನು ಎಬ್ಬಿಸಲು ತೋಳು ಹಿಡಿದೆ.

"ಎಲ್ರೂ ಉಂಡವ್ರೆ" ಎಂದಳು ಅವ್ವ. "ಇದೊಂದು ಅಂಗೇ ಐತೆ."